ಶೆಡ್ಡಿನ ಎರಡು ರಿಮೋಟು

ನನಗೂ ನಮ್ಮಣ್ಣನಿಗೂ ಮಾತು ನಿಂತು ನಾಲ್ಕು ವರ್ಷವಾಗಿತ್ತು. ಮಧುಗಿರಿಯ ಮನೆ ಭಾಗವಾದಾಗ ಗೋಡೆ, ಬಾವಿ, ತೆಂಗಿನಮರ ಎಲ್ಲಕ್ಕೂ ಕಚ್ಚಾಡಿದೆವು. ಎರಡು ಕಾರು ಹಿಡಿಸುವ ಶೆಡ್ಡೊಂದೇ ಇಬ್ಬರಿಗೂ ಜಂಟಿಯಾಗಿ ಉಳಿಯಿತು. ಗುಂಡಿ ಒತ್ತಿದರೆ ಮೇಲೇಳುವ ಶಟರ್. ಅವನಿಗೊಂದು ರಿಮೋಟು, ನನಗೊಂದು. ಒಳಗಿನಿಂದ ಹೋಗುವ ಸಣ್ಣ ಬಾಗಿಲು ಮಾತ್ರ ಅವನ ಮನೆ ಕಡೆಗೆ. ಒಂದಲ್ಲ ಒಂದು ದಿನ ನನ್ನನ್ನು ಇಲ್ಲಿಂದ ಹೊರಗೆ ಹಾಕುತ್ತಾನೆ ಎಂದು ಮೊದಲಿನಿಂದಲೂ ನನಗೆ ಗುಮಾನಿ.

ಆ ವರ್ಷ ಆಯುಧಪೂಜೆಗೆ ಅವನು ಕಾರಿನ ಮುಂದೆ ಕುಂಬಳಕಾಯಿ ಒಡೆದು, ಕಾಟಾಚಾರಕ್ಕೆ ಊದುಬತ್ತಿ ಬೆಳಗಿ ಒಳಗೆ ಹೋದ. ನಾನು ಹಾಗಲ್ಲ. ಸ್ಟೂಲು ಹತ್ತಿ ಶಟರಿನ ಮೋಟಾರು ಪೆಟ್ಟಿಗೆಗೂ ಮೂರು ಬೆರಳಲ್ಲಿ ವಿಭೂತಿ ಎಳೆದು, ಗಂಧ ಹಚ್ಚಿ ಸೇವಂತಿಗೆ ಅಂಟಿಸಿದೆ. ಜಾರುತ್ತಿದ್ದ ಹೂವನ್ನು, ಹೆಂಡತಿ ಮಂಗಳಾರತಿ ಮುಗಿಸುವ ತನಕ, ಹೆಬ್ಬೆರಳಲ್ಲಿ ಒತ್ತಿ ಹಿಡಿದೆ. ಆಮೇಲೆ ಶಟರ್ ಇಳಿಸುವ ಕೆಲಸ ಅಣ್ಣನಿಗೇ ಬಿಟ್ಟು, ನಾನೂ ಹೆಂಡತಿಯೂ ಬಸ್ಸು ಹತ್ತಿ ಗೊರವನಹಳ್ಳಿ ದೇವಸ್ಥಾನಕ್ಕೆ ಹೊರಟೆವು. ಅಲ್ಲಿನ ಜನಜಂಗುಳಿಯಲ್ಲಿ ಕಾರು ನಿಲ್ಲಿಸುವ ರಗಳೆ ಯಾರಿಗೆ ಬೇಕು?

ಮೂರನೇ ದಿನ ವಾಪಸು ಬಂದು ರಿಮೋಟ್ ಒತ್ತಿದೆ. ಶಟರ್ ಅಲುಗಲಿಲ್ಲ. ಹೊಸ ಬ್ಯಾಟರಿ ಹಾಕಿದೆ. ಊಹ್ಞೂಂ. ಅಷ್ಟರಲ್ಲಿ ಅಣ್ಣ ಬಂದು ನನ್ನ ಕಣ್ಣೆದುರೇ ತನ್ನದನ್ನು ಒತ್ತಿದ, ಶಟರ್ ಎದ್ದಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ನನ್ ರಿಮೋಟ್ ಅಳಿಸಾಕ್ಬುಟ್ಟೆ, ಅಲ್ವಾ?"

"ಲೇ, ನಂದೂ ನಿಂತೋಗಿತ್ತು ಕಣ್ಲಾ. ಶಿರಾದಿಂದ ಮೆಕ್ಯಾನಿಕ್ಕನ್ನ ಕರ್ಸಿ ಸರಿ ಮಾಡಿಸ್ದೆ. ನಿಂದು ನಿನ್ ಜೇಬಲ್ಲಿತ್ತು, ಹೆಂಗ್ ಮಾಡಿಸ್ಲಿ?"

"ಕತೆ ಕಟ್ಬೇಡ. ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡೋಗ್ದೆ ಸಾಯಿಸ್ದೋನು ನೀನು. ನಿಂಗೆ ಇದ್ಯಾವ ದೊಡ್ಡದು!"

ಅದು ಹಸಿಸುಳ್ಳು. ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಮಕೂರಿನ ತನಕ ಹೋದವನು ಅವನೇ. ನಾನು ಬಂದದ್ದು ಮಾರನೇ ದಿನ. ಬೀದಿಯಲ್ಲಿ ನಾಲ್ಕು ಜನ ನಿಂತು ಕೇಳಿಸಿಕೊಂಡರು. ಅಣ್ಣ ಶಿರಾದವನಿಗೆ ಫೋನ್ ಮಾಡಿದ.

ಮಧ್ಯಾಹ್ನ ಬಂದ ಮೆಕ್ಯಾನಿಕ್ ಸ್ಟೂಲು ಹತ್ತಿ, ಮೋಟಾರು ಪೆಟ್ಟಿಗೆಯಲ್ಲಿ ನನ್ನ ಗಂಧ ಒಣಗಿ ಅಂಟಿದ್ದ ಗುಂಡಿಯನ್ನು ತೋರಿಸಿ ನಕ್ಕ.

"ಹೂ ಇಟ್ಟು ಇದನ್ನೇ ಒತ್ತಿ ಹಿಡ್ದವ್ರೆ ಸಾರ್. ಹತ್ತು ಎಣಿಸೋಗಂಟ ಒತ್ತಿದ್ರೆ ಪೆಟ್ಟಿಗೆ ನೆನಪಿಂದ ಎಲ್ಲಾ ರಿಮೋಟೂ ಸಾಫ್! ಮೊನ್ನೇನೆ ದೊಡ್ಡೋರಿಗೆ ಹೇಳ್ದೆ. ತಮ್ಮ ಭಕ್ತಿಯಿಂದ ಮಾಡವ್ನೆ, ಅವನ್ಗೆ ಹೇಳ್ಬೇಡ ಅಂದ್ರು."

ಆಮೇಲೆ ಆ ಗುಂಡಿಯನ್ನು ಒಂದು ಸಲ ತಟ್ಟಿ, ನನ್ನ ರಿಮೋಟನ್ನು ಎರಡು ಸಲ ಒತ್ತಿದ. ಪೆಟ್ಟಿಗೆಯ ಮೇಲೆ ದೀಪ ಮಿನುಗಿತು. ಅಷ್ಟೇ ಕೆಲಸ.

ಅಣ್ಣ ತನ್ನ ಕಾರನ್ನು ಹೊರಗೆ ತಂದು ಬೇವಿನಮರದ ಕೆಳಗೆ ನಿಲ್ಲಿಸಿದ. ಬಂದು ತನ್ನ ರಿಮೋಟನ್ನು ನನ್ನ ಅಂಗೈಗೆ ಹಾಕಿದ.

"ತಗಾ. ಶೆಡ್ ಪೂರಾ ನೀನೇ ಇಟ್ಕ."

ತಪ್ಪಾಯಿತು ಎನ್ನಲು ನನಗೆ ಇವತ್ತಿಗೂ ಬಾಯಿ ಬಂದಿಲ್ಲ. ಗುಂಡಿಯ ವಿಷಯ ಅವತ್ತೇ ಬಾಯಿಬಿಟ್ಟು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು ಎಂದು ಅವನ ಮೇಲೇ ಸಿಟ್ಟು ಬರುತ್ತದೆ. ಈಗ ಆಯುಧಪೂಜೆಗೆ ಅವನು ಬೀದಿಯಲ್ಲೇ ಕುಂಬಳಕಾಯಿ ಒಡೆಯುತ್ತಾನೆ. ಆ ಸದ್ದು ಕೇಳಬಾರದೆಂದು ನಾನು ಒಳಗಿನಿಂದ ಶಟರ್ ಇಳಿಸಿಕೊಳ್ಳುತ್ತೇನೆ. ಕೇಳಿಸುತ್ತದೆ.