ಬೇವಿನ ಬುಡದ ಬಸಿಗಾಲುವೆ

ಈ ಶತಮಾನದ ಮೊದಲ ವರ್ಷಗಳಲ್ಲಿ, ಕೊಲ್ಲಿಯ ಮರುಭೂಮಿ ನಗರವೊಂದರ ಬೀದಿಗಳಲ್ಲಿ ಬೇವು ನೆಡಿಸುವುದು ನನ್ನ ಕೆಲಸವಾಗಿತ್ತು. ಗಿಡ ನಗರಸಭೆಯದು, ಆರೈಕೆ ಎದುರಿನ ಅಂಗಡಿಯವರದು ಎಂದು ಒಪ್ಪಂದ. ಒಂದು ಗಿಡವನ್ನು ನಮ್ಮ ಮಲೆನಾಡಿನ ಜಯಪುರದ ಕಡೆಯ ಹೋಟೆಲ್ ಅಡುಗೆಯವರೊಬ್ಬರು ವಹಿಸಿಕೊಂಡರು.

ವಾರ ಕಳೆದು ನೋಡಲು ಹೋದರೆ ಎಲೆ ಬಾಡಿತ್ತು. ಬುಡಕ್ಕೆ ಮಣ್ಣು ಏರಿಸಿ, ಅಡಿಕೆ ತೋಟದಲ್ಲಿ ಮಾಡುವಂತೆ ಪಕ್ಕದಲ್ಲಿ ಬಸಿಗಾಲುವೆ ತೋಡಿದ್ದರು. ಹೊಯ್ದ ನೀರೆಲ್ಲ ರಸ್ತೆಗೆ ಹರಿದಿತ್ತು. ನನಗೆ ರೇಗಿತು.

“ಎಂತ ಮಾರಾಯ್ರೆ ಇದು? ನೀರು ನಿಲ್ಲೋ ಹಾಗೆ ಪಾತಿ ಮಾಡಿ ಅಂದಿರಲಿಲ್ವಾ?”

“ನೀರು ನಿಂತ್ರೆ ಮಳೆಗಾಲದಲ್ಲಿ ಬೇರು ಕೊಳೀತದಲ್ಲ!”

ಅವರು ಮಳೆಗಾಲ ಕಂಡು ಎಷ್ಟೋ ವರ್ಷವಾಗಿತ್ತು. ಗುದ್ದಲಿ ತೆಗೆದುಕೊಂಡೆ. ಕಾಲುವೆ ಮುಚ್ಚುವ ಮೊದಲು, ಕೊಪ್ಪದವನಾದ ನಾನೂ ಒಮ್ಮೆ ಆಕಾಶ ನೋಡಿದೆ.