ಹಸಿ ಅರಿವೆಗೆ ಜಗ್ಗದ ಕೇಕಿನ ಡಬ್ಬಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಹಾಪುರದ ಹಳೆಯ ಪೇಟೆಯ ಸಂದಿಯೊಂದರಲ್ಲಿ, ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಜೈತುನಬೀ ರಟ್ಟು ಕೊಯ್ಯುತ್ತಿದ್ದಾರೆ. ಎಡಗಾಲಿನ ಹೆಬ್ಬೆರಳು ಕಬ್ಬಿಣದ ಪಟ್ಟಿಯನ್ನು ಒತ್ತಿ ಹಿಡಿದಿದೆ. ಬಲಗೈಯ ಚೂರಿ ಒಂದೇ ಎಳೆತಕ್ಕೆ ಆ ತುದಿಯಿಂದ ಈ ತುದಿಗೆ ಬರುತ್ತದೆ. ಪಕ್ಕದ ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತಿದೆ. ನಾನು ಬಂದು ನಿಂತದ್ದು ಗೊತ್ತಾದರೂ ಅವರು ತಲೆ ಎತ್ತುವುದಿಲ್ಲ. ಏನು ಮಾಡ್ತಿದ್ದೀರಿ ಎಂದು ಕೇಳಿದೆ. ಕಣ್ಣಿಗೆ ಕಾಣುವುದನ್ನೇ ಕೇಳುವುದು ನಮ್ಮಂಥ ಬರೆಯುವವರ ಚಾಳಿ.

"ಈಗ ಮಾತಾಡಸಬ್ಯಾಡ್ರಿ ಸರ, ಗೆರಿ ತಪ್ಪತದ. ಅಲ್ಲಿ ಕುಂಡರ್ರಿ, ನಮ್ಮವರು ಚಾ ತರ್ತಾರ" ಎಂದರು.

ಚಹಾ ಬಂತು, ಅರ್ಧ ಕಪ್ಪಿನಲ್ಲಿ, ಅರ್ಧ ಬಸಿಯಲ್ಲಿ. ತಂದವರು ಜೈತುನಬೀ ಅವರ ಗಂಡ ಜಲಾಲುದ್ದೀನ. ಕೈ ನಡುಗುವ ಕಾಯಿಲೆ. "ಆಕಿ ಇವತ್ತು ಯಾರ ಮಾತೂ ಕೇಳೂದಿಲ್ರಿ. ನನ್ನ ಮಾತಂತೂ ಯಾವತ್ತೂ ಕೇಳೂದಿಲ್ಲ" ಎಂದು ಅವರು ನನ್ನ ಪಕ್ಕದಲ್ಲೇ ಕುಳಿತರು. ಹೆಂಡತಿಗೆ ಕೇಳಿಸಲಿ ಅಂತಲೇ ಅಂದ ಮಾತದು. ಆಕೆಗೆ ಕೇಳಿಸಿತು, ಮೂಗಿನಲ್ಲೇ ನಕ್ಕರು. ಚೂರಿ ಮಾತ್ರ ನಿಲ್ಲಲಿಲ್ಲ.

ಇವತ್ತು ಜೈತುನಬೀ ಅವರಿಗೆ ಪರೀಕ್ಷೆ. ಅವರು ಮಾಡಿದ ಹೊಸ ಡಬ್ಬಿಯಲ್ಲಿ ಕ್ರೀಮಿನ ಕೇಕೊಂದು ಶಹಾಪುರದಿಂದ ಸುರಪುರ ದಾಟಿ ಕಕ್ಕೇರಾಕ್ಕೆ ಹೋಗಬೇಕು. ಅದೂ ಮೇ ತಿಂಗಳ ಬಿಸಿಲಲ್ಲಿ, ಬೈಕಿನ ಮೇಲೆ. ಕೇಕು ನೆಟ್ಟಗೆ ಮುಟ್ಟಿದರೆ ಬೇಕರಿಯ ಬಸವಂತ್ರಾಯ ಮತ್ತೆ ಇವರ ಹತ್ತಿರವೇ ಡಬ್ಬಿ ಕೊಳ್ಳುತ್ತಾರೆ. ಕೆಟ್ಟರೆ ಕಲಬುರಗಿಯಿಂದ ಬರುವ ಕಾರ್ಖಾನೆಯ ಅಚ್ಚಿನ ಡಬ್ಬಿಯೇ ಕಾಯಂ. ಆಮೇಲೆ ಇವರಿಗೆ ಉಳಿಯುವುದು ಉರುಸಿನ ದಿನಗಳ ಬಳೆ ಡಬ್ಬಿ, ಮದುವೆ ದಿನಗಳ ಲಾಡು ಡಬ್ಬಿ ಅಷ್ಟೇ. ಅದರಲ್ಲಿ ವರ್ಷ ಕಳೆಯುವುದಿಲ್ಲ.

ರಟ್ಟಿನ ಕೆಲಸ ಮೊದಲು ಜಲಾಲುದ್ದೀನರದ್ದು. ಚಪ್ಪಲಿ ಅಂಗಡಿ, ಸೀರೆ ಅಂಗಡಿ, ಮಿಠಾಯಿ ಅಂಗಡಿ ಎಲ್ಲಕ್ಕೂ ಅವರೇ ಡಬ್ಬಿ ಕೊಡುತ್ತಿದ್ದರು. ಜೈತುನಬೀ ಅಂಟು ಕುದಿಸುವುದು, ಮಡಿಸುವುದು, ಒಣಗಿಸುವುದು ಮಾಡುತ್ತಿದ್ದರು. ಗಂಡನ ಕೈ ನಡುಗತೊಡಗಿದ ಮೇಲೆ ಒಂದು ದಿನ ಚೂರಿ ಇವರ ಕೈಗೆ ಬಂತು. "ಚೂರಿ ಕೊಡಾಕ ಅವರು ಭಾಳ ದಿನ ಒಪ್ಪಲಿಲ್ರಿ" ಎನ್ನುತ್ತಾರೆ. "ಒಮ್ಮೆ ಬೊಟ್ಟು ಕೊಯ್ಕೊಂಡ್ರು. ಅವತ್ತು ಸುಮ್ಮ ಬಾಜೂಕ ಇಟ್ಟು ಎದ್ದು ಹೋದ್ರು. ನಾ ತಗೊಂಡೆ. ನಾವಿಬ್ರೂ ಆ ಬಗ್ಗೆ ಮಾತಾಡಿಲ್ಲ ಇವತ್ತಿನತನಕ." ಇಷ್ಟು ಹೇಳುವಾಗ ಜಲಾಲುದ್ದೀನ ಓಣಿಯ ಕಡೆ ಮುಖ ತಿರುಗಿಸಿ ಯಾರನ್ನೋ ನೋಡುವ ಹಾಗೆ ಮಾಡಿದರು. ಓಣಿಯಲ್ಲಿ ಯಾರೂ ಇರಲಿಲ್ಲ.

ಬೇಕರಿಗೆ ಕೇಕಿನ ಡಬ್ಬಿ ಮಾಡಿಕೊಡಲು ಶುರು ಮಾಡಿದ್ದು ಜೈತುನಬೀ. ಮೊದಲು ಇಲ್ಲಿ ಕೇಕನ್ನೂ ಮಿಠಾಯಿ ಡಬ್ಬಿಯಲ್ಲೇ ಕೊಡುತ್ತಿದ್ದರು. ಹೊರಗೆ ತೆಗೆಯಬೇಕಾದರೆ ಮೇಲಿಂದ ಎರಡೂ ಕೈ ಹಾಕಿ ಎತ್ತಬೇಕು. ಯಾರ ಮನೆಯಲ್ಲಾದರೂ ಸರಿ, ಕೇಕು ಮೇಜಿಗೆ ಬರುವಷ್ಟರಲ್ಲಿ ಹತ್ತೂ ಬೆರಳಿನ ಗುರುತು ಅದರ ಮೈಮೇಲೆ. ಜೈತುನಬೀ ಮುಂದಿನ ಗೋಡೆ ಕೆಳಗೆ ಬೀಳುವ ಡಬ್ಬಿ ಮಾಡಿದರು. ಕೇಕನ್ನು ಎತ್ತುವುದಿಲ್ಲ, ಅಡಿಯ ಹಲಗೆಯನ್ನು ಹಿಡಿದು ಹೊರಗೆಳೆಯುವುದು. ಹಲಗೆ ಅತ್ತಿತ್ತ ಸರಿಯದಂತೆ ನಾಲ್ಕು ಮೂಲೆಗೆ ನಾಲ್ಕು ಕಿವಿ. ತಿನ್ನುವ ವಸ್ತುವಿನ ಡಬ್ಬಿ ಅಂತ ಅಂಟು ಕೆಡದಂತೆ ಹಾಕುವ ವಿಷ ಮೈಲುತುತ್ತವನ್ನು ಬೆರೆಸುವುದಿಲ್ಲ. ಹೀಗಾಗಿ ಅಂಟು ಹುಳಿ ಹಿಡಿಯುತ್ತದೆ, ದಿನಾ ಬೆಳಗ್ಗೆ ಹೊಸದು ಕುದಿಸಬೇಕು. ಬೇಕರಿಯ ಹುಟ್ಟುಹಬ್ಬದ ಕೇಕುಗಳೆಲ್ಲ ವರ್ಷಗಟ್ಟಲೆ ಈ ಡಬ್ಬಿಯಲ್ಲೇ ಊರೂರಿಗೆ ಹೋದವು. ಡಬ್ಬಿ ಯಾರು ಮಾಡಿದರು ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದು ಹೋದ ಬೇಸಿಗೆಯಲ್ಲಿ, ಡಬ್ಬಿಯ ತಳ ಕಳಚಿದಾಗ.

ಕಕ್ಕೇರಾದ ಗೊಲ್ಲಾಳಮ್ಮನ ಮೊಮ್ಮಗಳು ಭಾರತಿಯ ಮೊದಲ ಹುಟ್ಟುಹಬ್ಬ. ಗೊಲ್ಲಾಳಮ್ಮನ ಮಗ ಮರಿಲಿಂಗ ಶಹಾಪುರಕ್ಕೆ ಬಂದು ಕೇಕು ಒಯ್ದ. ಮನೆ ಮುಂದೆ ಬೈಕು ನಿಲ್ಲಿಸಿ ಡಬ್ಬಿ ಎತ್ತಿದನಷ್ಟೇ, ಡಬ್ಬಿಯ ಗೋಡೆ ಕೈಯಲ್ಲಿ ಉಳಿಯಿತು, ಕೇಕು ಅಂಗಳಕ್ಕೆ ಬಿತ್ತು. ಬಂದ ಬೀಗರೆಲ್ಲ ನೋಡಿದರು. ಮೊಬೈಲಿನಲ್ಲಿ ಫೋಟೋ ಬೇಕರಿಗೆ ಬಂತು. "ಡಬ್ಬಿ ಸರಿ ಇಲ್ಲಂತ ನನಗೂ ಅನಿಸ್ತು. ಗಿರಾಕಿ ಮುಂದ ನಾ ಏನು ಹೇಳಲಿ?" ಎನ್ನುತ್ತಾರೆ ಬಸವಂತ್ರಾಯ. ಮರುದಿನವೇ ಜೈತುನಬೀ ಅವರಿಗೆ ಡಬ್ಬಿ ತರಬೇಡಿ ಎಂದು ಹೇಳಿ ಕಳಿಸಿದರು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ವ್ಯಾಪಾರಸ್ಥರು.

ಜೈತುನಬೀ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಕಕ್ಕೇರಾದ ಬಸ್ಸು ಹತ್ತಿದರು. ಡಬ್ಬಿ ನೋಡಬೇಕಿತ್ತಂತೆ. "ನಾ ಅಂಟು ಹಚ್ಚಿದ ತಳ ಹಂಗ ಬಿಡೂದಿಲ್ರಿ. ಎಲ್ಲಿ ಬಿಡ್ತು, ಯಾಕ ಬಿಡ್ತು, ನನಗ ತಿಳೀಬೇಕಿತ್ತು. ಬೈದ್ರ ಬೈಸ್ಕೊಂಡು ಬರ್ತೀನಿ ಅಂತ ಹೋದೆ."

ಗೊಲ್ಲಾಳಮ್ಮ ಬೈಯಲಿಲ್ಲ. ಚಾಪೆ ಹಾಸಿ ಕೂರಿಸಿ, ನೀರು ಕೊಟ್ಟು, ತಾವೇ ಬಾಯಿಬಿಟ್ಟರು. "ತಪ್ಪು ನಂದs ಬೀಯವ್ವ. ಹಸಿ ಅರಿವಿ ಸುತ್ತಿ ತಗೊಂಡು ಬಾ ಅಂತ ಮಗಗ ಕೊಟ್ಟು ಕಳಿಸಿದ್ದೆ. ಬಿಸಿಲಾಗ ಬೆಣ್ಣಿ ಕರಗಬಾರದಲ್ಲ."

ಈ ಸೀಮೆಯ ಬೇಸಿಗೆ ಕಂಡವರಿಗೆ ಈ ಮಾತು ವಿಚಿತ್ರವೆನಿಸುವುದಿಲ್ಲ. ವೀಳ್ಯದೆಲೆಗೆ ಹಸಿ ಅರಿವೆ, ಮಲ್ಲಿಗೆ ದಂಡೆಗೆ ಹಸಿ ಅರಿವೆ, ಮೊಸರಿನ ಗಡಿಗೆಗೆ, ನೀರಿನ ಬಾಟಲಿಗೆ, ಕೊನೆಗೆ ನಮ್ಮ ತಲೆಗೂ ಹಸಿ ಅರಿವೆ. ಬಾಡಬಾರದ್ದು, ಕೆಡಬಾರದ್ದು ಯಾವುದಿದ್ದರೂ ತೊಯ್ಸಿದ ಅರಿವೆ ಸುತ್ತುವುದು ಇಲ್ಲಿ ಯಾರೂ ಯಾರಿಗೂ ಹೇಳಿಕೊಡುವ ವಿದ್ಯೆಯಲ್ಲ. ರಟ್ಟು ಮತ್ತು ಮೈದಾ ಅಂಟಿಗೆ ಅದು ಆಗಿಬರುವುದಿಲ್ಲ ಎಂಬುದೊಂದು ಯಾರಿಗೂ ಹೊಳೆದಿರಲಿಲ್ಲ. ದಾರಿಯುದ್ದಕ್ಕೂ ಅರಿವೆ ತೊಟ್ಟಿಕ್ಕಿತು, ಡಬ್ಬಿ ನೆನೆದು ಹಿಟ್ಟಾಯಿತು.

ತಪ್ಪು ತನ್ನದಲ್ಲ ಎಂದು ಗೊತ್ತಾದ ಮೇಲೆ ನಾನಾಗಿದ್ದರೆ ನೇರ ಬೇಕರಿಗೆ ಹೋಗಿ ಜಗಳ ಕಾಯುತ್ತಿದ್ದೆ. ಜೈತುನಬೀ ಹೋಗಲಿಲ್ಲ. ಡಬ್ಬಿಯ ಮೇಲೆ ನೀರು ತಾಗಿಸಬಾರದು ಎಂದು ಬರೆಸಬಹುದಿತ್ತಲ್ಲ ಎಂದು ಕೇಳಿದೆ.

"ಬರಸಿದ್ರ ಸುತ್ತೂದು ಬಿಡ್ತಾರೇನ್ರಿ? ನಾನs ಬಿಡೂದಿಲ್ಲ. ಗೊಲ್ಲಾಳಕ್ಕ ಮಾಡಿದ್ದು ಸರಿ ಅದ. ಕೇಕಿಗೆ ತಂಪು ಬೇಕು. ನನ್ನ ಡಬ್ಬಿನs ಅದಕ್ಕ ಲಾಯಕ್ ಇರಲಿಲ್ಲ."

ಹೀಗೆ ಶುರುವಾಯಿತು ಹೊಸ ಡಬ್ಬಿ. ಹೊರಗೊಂದು ತಗಡಿನ ಡಬ್ಬಿ, ಎಣ್ಣೆ ಡಬ್ಬಿಗಳನ್ನು ಕೊಯ್ದು ಬಿಡಿಸಿ ಬೆಸುಗೆ ಹಾಕಿಸಿದ್ದು. ಹಸಿ ಅರಿವೆ ಇದಕ್ಕೆ ಸುತ್ತಬೇಕು. ಒಳಗೆ ಎಂದಿನ ರಟ್ಟಿನ ಡಬ್ಬಿ. ಎರಡರ ನಡುವೆ ಬೆರಳು ಹೋಗುವಷ್ಟು ಸಂದು, ತೇವ ಒಳಗೆ ದಾಟದಂತೆ. ತಗಡಿನ ಡಬ್ಬಿ ಬೇಕರಿಗೆ ಮರಳಿ ಬರಬೇಕು, ರಟ್ಟಿನದು ಗಿರಾಕಿಗೆ. ಕೆಲಸ ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ರಸ್ತೆಯ ಹಂಪುಗಳೂ ಇವೆಯಲ್ಲ. ತಗಡಿನ ತಳದಲ್ಲಿ ಕಟ್ಟಿಗೆಯ ಚೌಕಟ್ಟು ಇಟ್ಟು, ಅದಕ್ಕೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಹೊರಸಿಗೆ ಹಗ್ಗ ಹೆಣೆದ ಹಾಗೆ ಹೆಣೆದರು. ರಟ್ಟಿನ ಡಬ್ಬಿ ಆ ಹೊರಸಿನ ಮೇಲೆ ಕೂರುತ್ತದೆ.

ಪರೀಕ್ಷೆಗೆ ದಿನಕ್ಕೊಂದು ಕೇಕು ಯಾರು ಕೊಡುತ್ತಾರೆ? ಜೈತುನಬೀ ತಟ್ಟೆಯಲ್ಲಿ ಮೊಸರು ಹೆಪ್ಪು ಹಾಕಿದರು. ಗಟ್ಟಿ ಮೊಸರು ಚೂರು ಅಲುಗಿದರೂ ಒಡೆದು ನೀರು ಬಿಡುತ್ತದೆ. ಅಕ್ಕನ ಮಗ ಗಯಾಸನ ಬೈಕಿನಲ್ಲಿ ಮೊಸರು ಭೀಮರಾಯನಗುಡಿಗೆ ಹೋಗುವುದು, ಬರುವುದು. ಟ್ಯೂಬು ಸಡಿಲವಿದ್ದಾಗ ಮೊಸರು ಜಿಗಿದು ಮುಚ್ಚಳಕ್ಕೆ ಬಡಿಯಿತು. ಬಿಗಿ ಹೆಚ್ಚಾದಾಗ ಕುಲುಕಿಗೆ ಮೊಸರು ಒಡೆಯಿತು. ಸರಿಯಾದ ಹದ ಸಿಗಲು ಬಹಳ ದಿನ ಬೇಕಾಯಿತು. "ಆ ದಿವಸ ಮನ್ಯಾಗ ಮೂರೂ ಹೊತ್ತು ಮಜ್ಜಿಗಿ" ಎಂದರು ಜಲಾಲುದ್ದೀನ. "ಮಜ್ಜಿಗಿ ಸಾರು, ಮಜ್ಜಿಗಿ ಅನ್ನ. ನನ್ನ ಕೈ ಒಂದs ಅಲ್ಲ, ಹೊಟ್ಟಿನೂ ನಡುಗಾಕತ್ತಿತ್ತು."

ಮೊದಲ ತಗಡಿನ ಡಬ್ಬಿಗೆ ಮೇಲೆ ಹಿಡಿಕೆ ಇತ್ತು. ಗಯಾಸ ಅದನ್ನು ನೋಡಿದ ಕೂಡಲೇ ಬೈಕಿನ ಹ್ಯಾಂಡಲಿಗೆ ಜೋತುಹಾಕಿದ. ಜೈತುನಬೀ ಅವತ್ತೇ ಹಿಡಿಕೆ ಕೀಳಿಸಿದರು. "ಹಿಡಿಕಿ ಇದ್ರ ಜೋತು ಬಿಡ್ತಾರ. ಇಲ್ಲಂದ್ರ ಎರಡೂ ಕೈಲೆ ಅಪ್ಕೊಂಡು ತೊಡಿ ಮ್ಯಾಲ ಇಟ್ಕೊಂತಾರ, ಕೂಸಿನ ಹಂಗ."

ವರ್ಷ ತಿರುಗಿತು. ಭಾರತಿಯ ಎರಡನೆಯ ಹುಟ್ಟುಹಬ್ಬಕ್ಕೆ ಗೊಲ್ಲಾಳಮ್ಮ ಅದೇ ಬೇಕರಿಗೆ ಫೋನು ಮಾಡಿದರು. ಕೇಕು ಬೇಕು, ಆದರೆ ಆ ಬೀಯವ್ವನ ಡಬ್ಬಿಯಲ್ಲೇ ಬರಬೇಕು, ಹೋದ ಸಲ ಕೆಡಿಸಿದ್ದು ನಾನು ಎಂದರಂತೆ. ಬಸವಂತ್ರಾಯರಿಗೆ ನಿಜ ಗೊತ್ತಾದದ್ದೇ ಆಗ. ಆದರೂ ಷರತ್ತು ಹಾಕಿದರು: "ಮುಟ್ಟಿದ್ರ ನಿಮ್ಮ ಡಬ್ಬಿ. ಕೆಟ್ರ ಆಮ್ಯಾಲ ನನ್ನ ಕೇಳಬ್ಯಾಡ್ರಿ."

ಬೇಕರಿಯಲ್ಲಿ ಕೇಕು ಡಬ್ಬಿಗೆ ಇಳಿಯಿತು. ಬಿಳಿ ಕ್ರೀಮು, ಮೇಲೆ ಗುಲಾಬಿ ಬಣ್ಣದ ಹೂಗಳು, ನಡುವೆ ಹೆಸರು. ಜೈತುನಬೀ ಅರಿವೆ ತೊಯ್ಸಿ, ಹಿಂಡಿ, ತಗಡಿಗೆ ಸುತ್ತಿದರು. ಗಯಾಸನ ಹಿಂದೆ ಕುಳಿತು ಡಬ್ಬಿಯನ್ನು ತೊಡೆಯ ಮೇಲಿಟ್ಟು ಅಪ್ಪಿಕೊಂಡರು. ಹಿಂದೆ ನನ್ನ ಹಳೆಯ ಸ್ಕೂಟಿ. ಸುರಪುರ ತಲುಪುವಷ್ಟರಲ್ಲಿ ಬಿಸಿಲು ಏರಿ ಅರಿವೆ ಒಣಗಿತ್ತು. ಚಹಾದಂಗಡಿಯೊಂದರ ಮುಂದೆ ನಿಂತು ಮತ್ತೆ ನೀರು ಹಾಕಿದರು. ಅಂಗಡಿಯವನು ಕೂಸು ಮಲಗಿದೆಯೇನು ಎಂದು ಕೇಳಿದ. ಅವರು ಹೌದೆಂದರು.

ಸುರಪುರ ದಾಟಿದ ಮೇಲೆ ಒಂದು ತಿರುವಿನಲ್ಲಿ ಕುರಿ ಹಿಂಡು ರಸ್ತೆಗಿಳಿಯಿತು. ಗಯಾಸ ಬ್ರೇಕು ಒತ್ತಿದ ರಭಸಕ್ಕೆ ಬೈಕು ಅಡ್ಡ ತಿರುಗಿತು. ಜೈತುನಬೀ ಡಬ್ಬಿ ಬಿಡಲಿಲ್ಲ, ಆದರೆ ಅವರ ಗದ್ದ ತಗಡಿಗೆ ಬಡಿದು ತುಟಿ ಒಡೆಯಿತು. ನಾನು ಸ್ಕೂಟಿ ನಿಲ್ಲಿಸಿ ಓಡಿದೆ. ಗಯಾಸ ಬೈಕು ನೆಟ್ಟಗೆ ಮಾಡಿ ಚಿಕ್ಕಮ್ಮನ ಕಡೆ ತಿರುಗಿದ.

"ಖಾಲಾ, ಒಮ್ಮೆ ತೆಗದು ನೋಡೂಣು."

"ನೋಡಿದ್ರ ಸರಿ ಆಗ್ತದೇನು? ಬಿಸಿ ಗಾಳಿ ಒಳಗ ಹೋಗ್ತದ. ನಡಿ."

ಸೆರಗಿನಿಂದ ತುಟಿ ಒತ್ತಿಕೊಂಡು ಮತ್ತೆ ಕುಳಿತರು. ನನಗೆ ಕೇಕೆಂದರೆ ಅಷ್ಟಕ್ಕಷ್ಟೇ. ಆದರೂ ಅವತ್ತು ದಾರಿಯಲ್ಲಿ ಕಂಡಕಂಡ ದೇವರಿಗೆಲ್ಲ ಮನಸ್ಸಿನಲ್ಲೇ ಕೈ ಮುಗಿಯುತ್ತಾ ಹೋದೆ.

ಕಕ್ಕೇರಾದ ಮನೆಯ ಬಾಗಿಲಲ್ಲಿ ಗೊಲ್ಲಾಳಮ್ಮ ಇನ್ನೊಂದು ಹಸಿ ಅರಿವೆ ಹಿಡಿದು ನಿಂತಿದ್ದರು. ಅದನ್ನು ನೋಡಿ ಜೈತುನಬೀ ಅವತ್ತು ಮೊದಲ ಸಲ ಬಾಯಿಬಿಟ್ಟು ನಕ್ಕರು, ಒಡೆದ ತುಟಿ ಉರಿಯಿತೇನೋ, ಅಲ್ಲಿಗೇ ನಿಲ್ಲಿಸಿದರು. ಮೇಜಿನ ಮೇಲೆ ಡಬ್ಬಿ ಇಟ್ಟರು. ತಗಡಿನ ಮುಚ್ಚಳ ತೆಗೆದು, ರಟ್ಟಿನ ಡಬ್ಬಿಯನ್ನು ಎರಡೂ ಬದಿಯಿಂದ ಎತ್ತಿ ಹೊರಗಿಟ್ಟು, ಮುಂದಿನ ಗೋಡೆ ಕೆಳಗಿಳಿಸಿದರು. ಹಲಗೆ ಹಿಡಿದು ನಿಧಾನ ಎಳೆದರು. ಕೇಕು ಬಂತು. ಅಂಚು ಅಂಚಿನ ಹಾಗೇ ಇತ್ತು, ಭಾರತಿಯ ಹೆಸರು ಓದುವ ಹಾಗೇ ಇತ್ತು. ಒಂದೇ ಒಂದು ಹೂವು ಮಾತ್ರ ಒಂದು ಕಡೆಗೆ ಬಾಗಿತ್ತು.

ಗಯಾಸ ವಿಡಿಯೋ ಕರೆ ಮಾಡಿ ಮೊಬೈಲನ್ನು ಕೇಕಿನ ಮುಂದೆ ಹಿಡಿದ. ಬಸವಂತ್ರಾಯ ಬಹಳ ಹೊತ್ತು ನೋಡಿದರು.

"ಹೂವೊಂದು ವಾಲೇದಲ್ಲ ಬೀಯವ್ವ?"

"ವಾಲೇದ್ರಿ ಸಾವ್ಕಾರ್ರ. ಬಿದ್ದಿಲ್ಲ."

ಅತ್ತಲಿಂದ ಬಂದ ಮಾತು ಇದು: "ಶುಕ್ರವಾರ ತಿಂಥಣಿಗೊಂದು ಕೇಕು ಹೋಗೂದದ. ತಗಡಿನ ಡಬ್ಬಿ ಅಲ್ಲೇ ಮರತು ಬರಬ್ಯಾಡ್ರಿ. ಅಂಥಾವು ಇನ್ನೂ ಬೇಕಾಗ್ತಾವ, ಮಾಡಾಕ ಸುರು ಮಾಡ್ರಿ." ಭೇಷ್ ಎನ್ನುವುದು ಬಸವಂತ್ರಾಯರಿಗೆ ಬರುವುದಿಲ್ಲ. ಜೈತುನಬೀ ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

ಭಾರತಿ ಅಪ್ಪನ ತೋಳಿನಲ್ಲಿ ಕುಳಿತು ಕೇಕು ಕೊಯ್ದಳು. ಓಣಿಯ ಜನ ಮುತ್ತಿಕೊಂಡು ಫೋಟೋ ತೆಗೆದರು. ಗೊಲ್ಲಾಳಮ್ಮ ಮೊದಲ ತುಂಡನ್ನು ಮೊಮ್ಮಗಳಿಗೆ ತಿನ್ನಿಸಿ, ಎರಡನೆಯದನ್ನು ತಟ್ಟೆಯಲ್ಲಿಟ್ಟು ಜೈತುನಬೀ ಅವರ ಹತ್ತಿರ ತಂದರು.

"ತಗೋ ಬೀಯವ್ವ. ಬಾಯಿ ಸಿಹಿ ಮಾಡ್ಕೋ."

"ತಡೀರಿ ಯಕ್ಕಾ, ಒಂದು ಗಳಿಗಿ."

ಜೈತುನಬೀ ಮೂಲೆಗೆ ಸರಿಸಿಟ್ಟಿದ್ದ ರಟ್ಟಿನ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಕೈ ಒಳಗೆ ಹಾಕಿ ತಳವನ್ನು ಸವರಿದರು. ಆ ಮೂಲೆ, ಈ ಮೂಲೆ, ಗೋಡೆ ತಳಕ್ಕೆ ಸೇರುವ ಸಂದು, ಎಲ್ಲಾ ಕಡೆ ಬೆರಳು ಆಡಿಸಿದರು. ಡಬ್ಬಿಯನ್ನು ಬೋರಲು ಹಾಕಿ ಅಡಿಯನ್ನೂ ಅಂಗೈಯಿಂದ ಒತ್ತಿ ನೋಡಿದರು. ಕೈಯನ್ನು ಕೆನ್ನೆಗೆ ಹಚ್ಚಿಕೊಂಡರು.

"ಒಣಾ ಅದ" ಎಂದರು. ಎದ್ದು ಬಂದು ತಟ್ಟೆಗೆ ಕೈ ಚಾಚಿದರು. "ಈಗ ಕೊಡ್ರಿ ಯಕ್ಕಾ, ತಿಂತೀನಿ."