ಕಪ್ಲರಿನೊಳಗಿನ ಎಣ್ಣೆ

ಚೌಡಪ್ಪ, ನಿನ್ನ ಜೀಪಿನ ಡೀಸೆಲಿನಲ್ಲಿ ಸೀಮೆಎಣ್ಣೆ ಇರಲಿಲ್ಲ. ಒಂದು ಹನಿಯೂ ಇರಲಿಲ್ಲ. ಇತ್ತು ಎಂದು ಜನರ ಎದುರಿಗೆ ಹೇಳಿದವನು ನಾನು. ಇರಲಿಲ್ಲ ಎಂದು ಗೊತ್ತಾದ ಮೇಲೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತವನೂ ನಾನೇ. ಇದನ್ನು ಹೇಗೆ ಶುರುಮಾಡಲಿ ಎಂದು ವಾರವಿಡೀ ಯೋಚಿಸಿದೆ — ಕ್ಷೇಮಸಮಾಚಾರ ಕೇಳಿ, ಮನೆಯವರನ್ನು ವಿಚಾರಿಸಿ, ಆಮೇಲೆ ಮೆಲ್ಲಗೆ... ಬೇಡ, ಮೊದಲ ಸಾಲಿನಲ್ಲೇ ಇರಲಿ. ಮುಂದೆ ಓದದೆ ನೀನು ಹರಿದು ಬಿಸಾಡಿದರೂ ಅಷ್ಟಾದರೂ ನಿನಗೆ ಗೊತ್ತಾಗಿರುತ್ತದೆ.

ನಿನಗೆ ಎಲ್ಲ ನೆನಪಿದೆ, ಆದರೂ ನಾನು ಬರೆಯಬೇಕು. ನಿಲ್ಕುಂದದ ಭಟ್ಟರ ಜೀಪನ್ನು ನೀನೂ ನಿನ್ನ ತಮ್ಮ ಲೋಕಪ್ಪನೂ ದಿನ ಬಿಟ್ಟು ದಿನ ಓಡಿಸುತ್ತಿದ್ದಿರಿ. ನಿಲ್ಕುಂದದಿಂದ ಸಿದ್ದಾಪುರ, ಅಲ್ಲಿಂದ ಶಿರಸಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಕಂಪ್ಯೂಟರ್ ಇಟ್ಟ ಡೀಸೆಲ್ ಇಂಜಿನ್ನುಗಳು ನಮ್ಮ ಕಡೆ ಆಗಷ್ಟೇ ಬರತೊಡಗಿದ್ದವು. ಭಟ್ಟರ ಜೀಪಿನಲ್ಲೂ ಅಂಥದ್ದೇ ಇತ್ತು. ಹಳೇ ಇಂಜಿನ್ನಾದರೆ ನನಗೆ ಶಬ್ದ ಕೇಳಿದರೆ ಸಾಕಿತ್ತು. ಹೊಸದರ ಬಾನೆಟ್ ಎತ್ತಿದರೆ ಬರೀ ವೈರು. ವೈರಿಗೆ ವೈರು ಸೇರುವ ಕಡೆಯೆಲ್ಲ ಪ್ಲಾಸ್ಟಿಕ್ಕಿನ ಕಪ್ಲರು. ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ತಿಳಿಯುವುದಿಲ್ಲ ಎಂದು ಹೇಳುವ ಅಭ್ಯಾಸವೂ ನನಗಿರಲಿಲ್ಲ.

ಆವತ್ತು ನೀನು ಓಡಿಸುತ್ತಿದ್ದ ಜೀಪು ನನ್ನ ಗ್ಯಾರೇಜಿನ ಹತ್ತಿರದ ಏರಿನಲ್ಲೇ ಜರ್ಕು ಹೊಡೆದು ನಿಂತಿತು. ಭಟ್ಟರೂ ಅದರಲ್ಲೇ ಇದ್ದರು. ಪ್ಯಾಸೆಂಜರುಗಳೆಲ್ಲ ಇಳಿದು ನನ್ನ ಸುತ್ತ ನಿಂತರು. ಅರ್ಧ ಗಂಟೆ ತಡಕಾಡಿದೆ, ಏನೂ ಸಿಗಲಿಲ್ಲ. "ಎಂತ ಆಗಿದೆ ಹೇಳು ಮಾರಾಯ, ನಿನಗೆ ಗೊತ್ತಾಗದೇ ಇರೂದು ಉಂಟಾ?" ಎಂದರು ಭಟ್ಟರು. ನನ್ನ ಮೂಗಿನ ಖ್ಯಾತಿ ನಿನಗೆ ಗೊತ್ತಲ್ಲ — ಡೀಸೆಲನ್ನು ಬೆರಳಿಗೆ ಹಚ್ಚಿ ಉಜ್ಜಿ, ಮೂಸಿ, ಕಲಬೆರಕೆ ಹಿಡಿಯುತ್ತೇನೆ ಎಂದು ಶಿರಸಿಯಿಂದ ಯಲ್ಲಾಪುರದವರೆಗೆ ನನಗೊಂದು ಹೆಸರಿತ್ತು. ಏನೂ ತೋಚದಾಗ ಟ್ಯಾಂಕಿನಿಂದ ಸ್ವಲ್ಪ ತೆಗೆದು ಮೂಸಿದೆ. ಬರೀ ಡೀಸೆಲಿನ ವಾಸನೆ. ಆದರೆ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಸೀಮೆಎಣ್ಣೆ ಬೆರೆಸಿದ್ದಾರೆ. ಬಣ್ಣದಲ್ಲಿ ಕಾಣದಷ್ಟೇ ಹಾಕಿದ್ದಾರೆ, ಮೂಗಿಗೆ ಸಿಗ್ತದೆ" ಎಂದೆ.

ಭಟ್ಟರು ನಿನ್ನ ಕಡೆ ತಿರುಗಿದರು. ನೀನು ನನ್ನ ಕಡೆ ತಿರುಗಿದೆ. ಟ್ಯಾಂಕು ಬರಿದು ಮಾಡಿ ಫಿಲ್ಟರ್ ಬದಲಿಸುವ ಹೊತ್ತಿಗೆ ಇಂಜಿನ್ ಪೂರ್ತಿ ತಣ್ಣಗಾಗಿತ್ತು. ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ತಣ್ಣಗಾದದ್ದಕ್ಕೇ ಆದದ್ದು ಅದು. ಆದರೆ ಅಲ್ಲಿದ್ದವರಿಗೆ ಅದೇ ಸಾಕ್ಷಿಯಾಯಿತು — ನನಗೂ. ನಿಜ ಹೇಳುತ್ತೇನೆ, ನನ್ನ ಸುಳ್ಳನ್ನು ನಾನೇ ನಂಬಿ ಆವತ್ತು ಹೊಟ್ಟೆತುಂಬ ಊಟ ಮಾಡಿದೆ. ಡೀಸೆಲಿನ ದುಡ್ಡು ಹೊಡೆಯಲು ಸೀಮೆಎಣ್ಣೆ ಸುರಿದಿದ್ದಾರೆ ಎಂದು ಭಟ್ಟರು ಮರುದಿನವೇ ನಿಮ್ಮಿಬ್ಬರನ್ನೂ ಕೆಲಸದಿಂದ ಬಿಡಿಸಿದರು ಎಂದು ಕೇಳಿದಾಗ ಮನಸ್ಸು ಚುಚ್ಚಿತು, ಆದರೆ ಸರಿಯಾಗಿಯೇ ಹೇಳಿದ್ದೇನಲ್ಲ ಎಂದುಕೊಂಡೆ.

ಇಲ್ಲಿಯವರೆಗಿನದನ್ನು ಜಂಬದ ತಪ್ಪು ಎನ್ನಬಹುದು. ಮುಂದಿನದಕ್ಕೆ ಆ ಹೆಸರು ಸಾಲದು.

ಕೆಲವು ವಾರಗಳ ಮೇಲೆ ಹೊಸ ಡ್ರೈವರ್ ಅದೇ ಜೀಪನ್ನು ತಂದ. ಅದೇ ಜರ್ಕು, ಅದೇ ಏರು. ಈ ಸಲ ಸುತ್ತ ಯಾರೂ ಇರಲಿಲ್ಲ, ಡ್ರೈವರ್ ಚಾ ಕುಡಿಯಲು ಹೋಗಿದ್ದ. ಹಟ ಹಿಡಿದು ಒಂದೊಂದೇ ಕಪ್ಲರ್ ಬಿಚ್ಚುತ್ತ ಹೋದೆ. ಕಂಪ್ಯೂಟರಿನ ಡಬ್ಬಿಗೆ ಹೋಗುವ ಕಪ್ಲರ್ ಬಿಚ್ಚಿದಾಗ ಬೆರಳಿಗೆ ಜಿಡ್ಡು ಹತ್ತಿತು. ಕಪ್ಪು ಇಂಜಿನ್ ಆಯಿಲು. ಇಂಜಿನ್ನಿನಿಂದ ಒಂದು ಮೊಳ ಆಚೆ, ಹೊರಗೆಲ್ಲ ಒಣಗಿ ಇರುವಲ್ಲಿ, ಒಳಗೆ ಮಾತ್ರ ಆಯಿಲು ಎಲ್ಲಿಂದ ಬರಬೇಕು? ವೈರನ್ನು ಕತ್ತರಿಸಿ ನೋಡಿದೆ. ಇಂಜಿನ್ನಿನ ತಲೆಯ ಮುಚ್ಚಳದೊಳಗೆ ಮುಳುಗಿರುವ ಅದರ ತುದಿಯಿಂದ ಎಣ್ಣೆ ಹತ್ತಿ, ತಾಮ್ರದ ಎಳೆಗಳ ನಡುವೆ, ಮೇಲಿನ ಸಿಪ್ಪೆಯ ಒಳಗೊಳಗೇ, ದೀಪದ ಬತ್ತಿ ಹೀರಿದ ಹಾಗೆ ಹರಿದು ಬಂದಿತ್ತು. ಇಂಜಿನ್ ಬಿಸಿಯಾದಾಗಲೆಲ್ಲ ಕಪ್ಲರಿನ ಪಿನ್ನುಗಳಲ್ಲಿ ಕರೆಂಟು ತಪ್ಪುತ್ತಿತ್ತು. ಇಷ್ಟೇ. ಇದರಲ್ಲಿ ನಿನ್ನ ಕೈ ಎಲ್ಲಿದೆ, ಲೋಕಪ್ಪನ ಕೈ ಎಲ್ಲಿದೆ?

ಭಟ್ಟರಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಕತ್ತರಿಸಿದ ವೈರನ್ನು ಬೆಸೆದು, ಪಿನ್ನುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿ ಸೇರಿಸಿದೆ. ಟ್ಯಾಂಕಿನ ತಳದಲ್ಲಿ ಹಳೇ ಸೀಮೆಎಣ್ಣೆ ಸ್ವಲ್ಪ ಉಳಿದಿತ್ತು, ತೆಗೆದಿದ್ದೇನೆ ಎಂದು ಡ್ರೈವರಿಗೆ ಹೇಳಿ ಕಳಿಸಿದೆ. ಆಮೇಲೆ ಭಟ್ಟರು ಆ ಜೀಪನ್ನು ಮಾರುವವರೆಗೂ ಆಗಾಗ ಅದು ಬರುತ್ತಿತ್ತು; ನಾನು ಬೆನ್ನು ತಿರುಗಿಸಿ ನಿಂತು, ಯಾರಿಗೂ ಕಾಣದ ಹಾಗೆ ಅದೇ ಕಪ್ಲರನ್ನು ಒರೆಸುತ್ತಿದ್ದೆ. ಕಳ್ಳ ನೀನಲ್ಲ, ನಾನು.

ಆ ಕಪ್ಲರ್ ಸಿಕ್ಕಿದ ವಾರದಲ್ಲೇ ನೀನು ಗ್ಯಾರೇಜಿಗೆ ಬಂದೆ. ಒಳಗೆ ಬರಲಿಲ್ಲ, ಬೆಂಚಿನ ಮೇಲೆ ಕೂರಲೂ ಇಲ್ಲ. "ಊರೋರು ಏನೇ ಹೇಳ್ಲಿ, ನೀ ಹೇಳು ಮಾರಾಯ. ಅದ್ರಲ್ಲಿ ಸೀಮೆಎಣ್ಣೆ ಇತ್ತಾ?" ಎಂದು ಕೇಳಿದೆ. ನಿಜ ಹೇಳುವುದಕ್ಕೆ ನನಗೆ ದಾರಿ ಬಿಟ್ಟೇ ಕೇಳಿದೆ ನೀನು. ಒಂದೇ ಒಂದು ಮಾತು ಸಾಕಿತ್ತು...

"ಇತ್ತು" ಎಂದೆ.

ನೀನು ತಲೆಯಾಡಿಸಿ ಹೊರಟುಹೋದೆ. ಆ ಬೆಂಚಿನ ಮೇಲೆ ದಿನಾ ಸಂಜೆ ನಿನ್ನ ಜೊತೆ ಚಾ ಕುಡಿಯುತ್ತಿದ್ದವನು ನಾನು. ಮದುವೆಯಾಗಲಿಲ್ಲ, ಅಣ್ಣ-ತಮ್ಮ ಯಾರೂ ಇಲ್ಲ. ನನ್ನ ಅಡುಗೆಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಹೇಳುವುದಕ್ಕೆ ಲೋಕದಲ್ಲಿ ಇದ್ದವನು ನೀನೊಬ್ಬ. ಆಮೇಲಿನ ವರ್ಷಗಳಲ್ಲಿ ಗಿರಾಕಿಗಳು ಬಂದರು, ಹೋದರು. ಇಂಜಿನ್ನಿನ ವಿಷಯ ಬಿಟ್ಟು ಬೇರೆ ಮಾತು ಯಾರೂ ಆಡಲಿಲ್ಲ. ಹಬ್ಬದ ದಿನ ಷಟರ್ ಎಳೆದು ಒಳಗೆ ಒಬ್ಬನೇ ಕೂರುತ್ತಿದ್ದೆ, ಯಾರಾದರೂ ಕರೆಯುತ್ತಾರೇನೋ ಎಂದು ಕಿವಿ ರಸ್ತೆಯ ಕಡೆಗೇ ಇರುತ್ತಿತ್ತು. ಅದನ್ನು ಶಿಕ್ಷೆ ಎಂದು ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡೆ — ಚೌಡಪ್ಪನಿಗೂ ಕಷ್ಟ, ನನಗೂ ಕಷ್ಟ, ಸರಿಹೋಯಿತು ಎಂದು. ಎಂಥ ಮೂರ್ಖ ನಾನು.

ಕಳೆದ ತಿಂಗಳು ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ನೀನೇ ಸಿಕ್ಕಿದೆ. ನಿನ್ನ ತಲೆ ಪೂರ್ತಿ ಬೆಳ್ಳಗಾಗಿತ್ತು. ನೀನು ಸಿಟ್ಟಿಲ್ಲದೆ ಮಾತಾಡಿಸಿದೆ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಲೋಕಪ್ಪ ಹೇಗಿದ್ದಾನೆ ಎಂದು ಕೇಳಿದರೆ ನಿನ್ನ ಮುಖ ಬಿಗಿಯಿತು. "ಅವನ ಸುದ್ದಿ ಬೇಡ. ನಿನ್ನ ಮೂಗು ಸುಳ್ಳು ಹೇಳೂದಿಲ್ಲ. ನಾನು ಬೆರೆಸ್ಲಿಲ್ಲ, ಅಂದ್ಮೇಲೆ ಇನ್ಯಾರು? ಎದುರಿಗೆ ನಿಲ್ಸಿ ಕೇಳ್ದೆ, ತುಟಿ ಬಿಚ್ಲಿಲ್ಲ. ಆವತ್ತೇ ಮನೆಯಿಂದ ಹೊರಗೆ ಹಾಕ್ದೆ" ಎಂದೆ ನೀನು.

ನಿಮ್ಮೂರು ಮನ್ಮನೆಯ ಬಸ್ಸು ಬಂತು, ನೀನು ಹತ್ತಿದೆ. ನಾನು ಅಲ್ಲೇ ಹೇಳಬೇಕಿತ್ತು. ಆಗಲೂ ಹೇಳಲಿಲ್ಲ.

ಮೊನ್ನೆ ಯಲ್ಲಾಪುರಕ್ಕೆ ಹೋದೆ. ಲೋಕಪ್ಪ ಅಲ್ಲಿ ಒಂದು ಸಾಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಎಲ್ಲವನ್ನೂ ಹೇಳಿದೆ, ಕಪ್ಲರಿನ ಸಂಗತಿಯನ್ನೂ ಬಿಡದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಮರದ ದಿಮ್ಮಿಯ ಮೇಲೆ ಕೂತ. ಅಣ್ಣ ಕೇಳಿದಾಗ ಯಾಕೆ ಸುಮ್ಮನಿದ್ದೆ ಎಂದೆ.

"ನಾನೂ ನಿಮ್ಮ ಮಾತು ನಂಬಿದ್ದೆ ಮೇಸ್ತ್ರಿ" ಎಂದ. "ನಾನು ಬೆರೆಸ್ಲಿಲ್ಲ, ಹಾಗಾದ್ರೆ ಅಣ್ಣನೇ ಅಂದ್ಕಂಡೆ. ಮನೆ ನಡೆಸೂದು ಅವನೊಬ್ಬನೇ, ಎಂತದೋ ಕಷ್ಟಕ್ಕೆ ಮಾಡಿರ್ಬೇಕು ಅಂತ. ನಾನಲ್ಲ ಅಂದ್ರೆ ನೀನೇ ಅಂದ ಹಾಗೆ ಆಗ್ತಿತ್ತಲ್ಲ, ಅಣ್ಣನ ಮುಖ ನೋಡ್ಕಂಡು ಹ್ಯಾಂಗೆ ಹೇಳ್ಲಿ?"

ಕೇಳಿದೆಯಾ ಚೌಡಪ್ಪ? ನಿನ್ನ ಮಾನ ಉಳಿಸುವುದಕ್ಕೆ ಅವನು ಬಾಯಿ ಮುಚ್ಚಿದ. ನನ್ನ ಮಾನ ಉಳಿಸುವುದಕ್ಕೆ ನಾನು ಮುಚ್ಚಿದೆ. ಎರಡೂ ಒಂದೇ ಎಂದು ಯಾವ ಜನ್ಮದಲ್ಲೂ ನಾನು ಹೇಳಲಾರೆ.

ಕ್ಷಮಿಸು ಎಂದು ಬರೆಯುವುದಿಲ್ಲ, ಆ ಹಕ್ಕು ನನಗಿಲ್ಲ. ಸಿದ್ದಾಪುರದ ಜೀಪ್ ಸ್ಟ್ಯಾಂಡಿಗೆ ಹೋಗಿ ಅಲ್ಲಿರುವವರ ಎದುರಿಗೆ ಇದನ್ನೆಲ್ಲ ಹೇಳುತ್ತೇನೆ, ನಗಲಿ, ಉಗಿಯಲಿ. ಭಟ್ಟರ ಮನೆಗೂ ಹೋಗುತ್ತೇನೆ. ಅವೆಲ್ಲ ನನ್ನ ಕೆಲಸ, ನೀನು ಬರುವುದು ಬೇಡ. ನಿನಗಿರುವುದು ಒಂದೇ ಕೆಲಸ. ಭಾನುವಾರ ಲೋಕಪ್ಪ ಮನ್ಮನೆಗೆ ಬರುತ್ತಾನೆ, ನನಗೆ ಮಾತು ಕೊಟ್ಟಿದ್ದಾನೆ. ಅವನ ಸ್ವಭಾವ ನಿನಗೆ ಗೊತ್ತಲ್ಲ — ಅಂಗಳದವರೆಗೆ ಬಂದು, ಏನು ಹೇಳಬೇಕೆಂದು ತಿಳಿಯದೆ, ತಲೆ ತಗ್ಗಿಸಿ ಸುಮ್ಮನೆ ನಿಂತುಬಿಡಬಹುದು. ಈ ಸಲ ತಪ್ಪು ತಿಳಿಯಬೇಡ.